ನಿಮಗಿದು ಗೊತ್ತೆ? ಕಾನೂನು ಓದಲು ಹೋದವಳಿಗೆ ಜಾಝ್ ಒಲಿಯಿತು!

ಜಾಝ್ ಗಾಯಕಿ ಸೆಸಿಲ್ ಮೆಕ್‌ಲೋರಿನ್ ಸಾಲ್ವಾಂಟ್ ಹುಟ್ಟಿದ್ದು 1989ರಲ್ಲಿ, ಅಮೆರಿಕದ ಮಯಾಮಿಯಲ್ಲಿ. ತಂದೆ ಹೈಟಿಯವರು, ತಾಯಿ ಫ್ರೆಂಚರು. ಐದನೇ ವಯಸ್ಸಿಗೇ ಪಿಯಾನೊ ಕಲಿಯತೊಡಗಿದ ಈಕೆ ಮುಂದೆ ಫ್ರಾನ್ಸಿಗೆ ಹೋದದ್ದು ಕಾನೂನು ಓದಲು. ಜತೆಗೆ ಶಾಸ್ತ್ರೀಯ ಗಾಯನವನ್ನೂ ಕಲಿಯುತ್ತಿದ್ದಾಗ ಅಲ್ಲಿಯೇ ಜಾಝ್ ಗುರು ಸಿಕ್ಕರು.

* 2010ರಲ್ಲಿ, 21ನೇ ವಯಸ್ಸಿನಲ್ಲಿ ಥೆಲೋನಿಯಸ್ ಮಾಂಕ್ ಅಂತರರಾಷ್ಟ್ರೀಯ ಜಾಝ್ ಸ್ಪರ್ಧೆ ಗೆದ್ದರು.
* ಇವರ ಮೂರು ಆಲ್ಬಂಗಳಿಗೆ ಗ್ರ್ಯಾಮಿ ಬಂದಿದೆ. 2020ರಲ್ಲಿ ಮೆಕಾರ್ಥರ್ ಫೆಲೋಶಿಪ್ ದೊರೆಯಿತು.
* ಜನ ಮರೆತ ಹಳೆಯ ಹಾಡುಗಳನ್ನು ಹುಡುಕಿ ಹಾಡುವುದು ಇವರ ವಿಶೇಷ. ಒಂದೇ ಸಾಲಿನಲ್ಲಿ ಮಂದ್ರದ ಗಡಸು ದನಿ ಪಿಸುಮಾತಾಗುತ್ತದೆ. ಹಾಡು ಪುಟ್ಟ ನಾಟಕವಾಗುತ್ತದೆ.
* 2023ರ ‘ಮೆಲ್ಯುಸಿನ್’ ಆಲ್ಬಂನಲ್ಲಿ ಫ್ರೆಂಚ್, ಇಂಗ್ಲಿಷ್, ಹೈಟಿಯ ಕ್ರಿಯೋಲ್, ಆಕ್ಸಿಟನ್ ಹೀಗೆ ನಾಲ್ಕು ಭಾಷೆಗಳಲ್ಲಿ ಹಾಡಿದ್ದಾರೆ.