ಹಳೇ ಲಾರಿಯ ಆರೈಕೆ

ನಮ್ಮ ಚಿತ್ರದುರ್ಗವನ್ನು ಎಲ್ಲರೂ ಕೋಟೆಯ ಜಿಲ್ಲೆ ಎನ್ನುತ್ತಾರೆ. ಲಾರಿಗಳ ಜಿಲ್ಲೆ ಎಂದರೂ ತಪ್ಪಲ್ಲ. ಬೆಂಗಳೂರು-ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆಗೆ ಹೋಗುತ್ತದೆ. ಈಗ ಅದಕ್ಕೆ 48 ಎಂದು ನಂಬರು ಕೊಟ್ಟಿದ್ದಾರೆ. ನಮ್ಮ ಬಾಯಲ್ಲಿ ಅದು ಇನ್ನೂ ಎನ್‌ಎಚ್ 4. ಬಳ್ಳಾರಿಯಿಂದ ಚಳ್ಳಕೆರೆ ಮೇಲೆ ಬರುವ ರಸ್ತೆ ಹಿರಿಯೂರಿನಲ್ಲಿ ಇದನ್ನು ಕೂಡುತ್ತದೆ. ಹೊಸಪೇಟೆಯ ರಸ್ತೆ ದುರ್ಗದಲ್ಲಿ ಬಂದು ಸೇರುತ್ತದೆ. ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು ದಾರಿ. ಹೊಸದುರ್ಗದ ತೆಂಗಿನಕಾಯಿ, ಚಳ್ಳಕೆರೆಯ ಶೇಂಗಾ ಎಣ್ಣೆ, ಭೀಮಸಮುದ್ರದ ಅಡಿಕೆ, ನಮ್ಮ ಈರುಳ್ಳಿ, ಮೆಕ್ಕೆಜೋಳ, ಕಬ್ಬಿಣದ ಅದಿರು ಎಲ್ಲವೂ ಲಾರಿ ಏರಿಯೇ ಊರು ಬಿಡಬೇಕು. ಹಾಗಾಗಿ ಈ ರಸ್ತೆಗಳ ಬದಿಯಲ್ಲಿ ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶೆಡ್ಡು, ಲೇತ್ ಅಂಗಡಿಗಳಿಗೆ ಕೊರತೆಯಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೆ ಲಾರಿ ಸಾಲದ ಲೆಡ್ಜರು ಬಹಳ ವರ್ಷ ನನ್ನ ಮೇಜಿನ ಮೇಲಿತ್ತು. 1969ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಒಂದೋ ಎರಡೋ ಲಾರಿ ಇಟ್ಟುಕೊಂಡು ದುಡಿಯುವವರಿಗೂ ಸಾಲ ಸಿಗತೊಡಗಿತು. ಸಾಲ ಕೊಟ್ಟ ಲಾರಿಯನ್ನು ಆಗಾಗ ನೋಡಿ ಬರಬೇಕಿತ್ತು. ಷಾಸಿಯ ಮೇಲೆ ಕೊರೆದ ನಂಬರಿಗೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ನನ್ನ ಕೆಲಸ. ನೀವು ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತೀರಲ್ಲ ಮಕ್ಕಳೇ, ಥೇಟ್ ಹಾಗೆಯೇ. ಆ ನೆಪದಲ್ಲಿ ಗ್ಯಾರೇಜುಗಳಲ್ಲಿ ಕುಳಿತು ಚಹಾ ಕುಡಿಯುತ್ತ ಕಲಿತದ್ದು ಬಹಳ. ಕಂತು ತಪ್ಪದೆ ಕಟ್ಟುತ್ತಿದ್ದವರೆಲ್ಲ ಹೊಸ ಲಾರಿಯವರಲ್ಲ, ಬೆಳಿಗ್ಗೆ ಎದ್ದು ಲಾರಿಯನ್ನು ಒಂದು ಸುತ್ತು ನೋಡುವ ಅಭ್ಯಾಸವಿದ್ದವರು ಎಂಬುದು ನಾನು ಲೆಡ್ಜರಿನಿಂದಲೇ ಕಂಡುಕೊಂಡ ಸಂಗತಿ.

ನಕ್ಷತ್ರದ ಲಾರಿ

ಅಜ್ಜಂದಿರಿಗೆ ನೆನಪಿರಬಹುದು, ಆಗಿನ ಟಾಟಾ ಲಾರಿಯ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿರುತ್ತಿತ್ತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಶುರು ಮಾಡಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಮದರಾಸಿನ ಕಡೆ 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. ಗಣಿಗೆ ಬೇಕಾದ ದೊಡ್ಡ ಯಂತ್ರಗಳಿಗಾಗಿ ನಮ್ಮ ರಾಜ್ಯದಲ್ಲೇ 1964ರಲ್ಲಿ ಬಿಇಎಂಎಲ್ ಸ್ಥಾಪನೆಯಾಯಿತು.

ಆ ಕಾಲದ ಲಾರಿಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಕೆಟ್ಟದ್ದನ್ನು ಕಣ್ಣಲ್ಲಿ ನೋಡಿ, ಕಿವಿಯಲ್ಲಿ ಕೇಳಿ, ಕೈಯಲ್ಲಿ ಮುಟ್ಟಿ ಹಿಡಿಯಬಹುದಿತ್ತು. ಒಂದು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಎಲ್ಲಿ ಸದ್ದು ಎಂದು ಹೇಳುವ ಮೇಸ್ತ್ರಿಗಳಿದ್ದರು. ಡಾಕ್ಟರರ ಸ್ಟೆತಾಸ್ಕೋಪಿನ ಉಪಾಯವೇ ಅದು.

ದುರ್ಗದ ಧೂಳು, ದುರ್ಗದ ನೀರು

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು 500 ಡಿಗ್ರಿಗೂ ಹೆಚ್ಚು ಕಾಯುತ್ತದೆ. ಅಲ್ಲಿಗೆ ಡೀಸೆಲ್ ತುಂತುರು ಬಿದ್ದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಮುಟ್ಟಿ ನೋಡಿ, ಅದೇ ತತ್ತ್ವ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1897ರಲ್ಲಿ ಇದನ್ನು ಮಾಡಿ ತೋರಿಸಿದ; ಆತನ ಹೆಸರೇ ಎಣ್ಣೆಗೂ ಬಂತು.

ಒಂದು ಲೀಟರ್ ಡೀಸೆಲ್ ಉರಿಯಲು 10 ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ನಮ್ಮ ಬಯಲುಸೀಮೆಯ ಗಾಳಿಯೆಂದರೆ ಅರ್ಧ ಧೂಳು. ಆ ಧೂಳು ಒಳಗೆ ಹೋದರೆ ಉಪ್ಪುಕಾಗದದ ಹಾಗೆ ಸಿಲಿಂಡರನ್ನು ಉಜ್ಜಿ ಹಾಕುತ್ತದೆ. ಹಳೇ ಲಾರಿಗಳ ಏರ್ ಫಿಲ್ಟರಿನ ತಳದಲ್ಲಿ ಒಂದು ಬಟ್ಟಲು ಎಣ್ಣೆ ಇರುತ್ತಿತ್ತು. ಒಳಬರುವ ಗಾಳಿ ಎಣ್ಣೆಯ ಮೇಲೆ ಹಾದು ತಿರುಗುವಾಗ ಧೂಳು ಅಲ್ಲೇ ಅಂಟಿಕೊಳ್ಳುತ್ತಿತ್ತು. ಅದಿರಿನ ಕೆಲಸಕ್ಕೆ ಹೋಗುವ ಲಾರಿಯಾದರೆ ಬಟ್ಟಲು ಬಿಚ್ಚಿದಾಗ ಕೆಂಪು ಕೆಸರು. ಅದನ್ನು ಬಳಿದು ತೊಳೆದು ಹೊಸ ಎಣ್ಣೆ ಹಾಕಲು ಅರ್ಧ ಗಂಟೆ ಸಾಕು. ಅರ್ಧ ಗಂಟೆ ಉಳಿಸಲು ಹೋದವರು ಇಂಜಿನ್ನನ್ನೇ ಇಳಿಸಬೇಕಾಗುತ್ತಿತ್ತು.

ಇನ್ನೊಂದು ನಮ್ಮ ಕಡೆಯ ಗಡಸು ನೀರು. ಬಚ್ಚಲ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಬೋರ್‌ವೆಲ್ ನೀರು ಸುರಿದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಆಗ ಶಾಖ ಹೊರಗೆ ಹೋಗದೆ ಇಂಜಿನ್ ಕಾದು ನಿಲ್ಲುತ್ತದೆ. ಬುದ್ಧಿವಂತ ಚಾಲಕರು ಮಳೆಗಾಲದಲ್ಲಿ ಹಿಡಿದ ಸೂರಿನ ನೀರನ್ನು ಕ್ಯಾನಿನಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಇಲ್ಲೊಂದು ಎಚ್ಚರಿಕೆ: ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾರೂ ತೆರೆಯಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಬೆಳಗಿನ ಸುತ್ತು

ಹಳೇ ಚಾಲಕರ ಬೆಳಗಿನ ಸುತ್ತು ಹೀಗಿರುತ್ತಿತ್ತು. ಮೊದಲು ಲಾರಿಯ ಕೆಳಗೆ ನೆಲ ನೋಡುವುದು. ರಾತ್ರಿ ಎಲ್ಲಿ ಏನು ತೊಟ್ಟಿಕ್ಕಿದೆ ಎಂಬುದನ್ನು ನೆಲವೇ ಹೇಳುತ್ತದೆ: ಕಪ್ಪಾಗಿದ್ದರೆ ಇಂಜಿನ್ ಆಯಿಲ್, ತೆಳ್ಳಗೆ ವಾಸನೆ ಬಂದರೆ ಡೀಸೆಲ್, ಬರೀ ನೀರಾದರೆ ರೇಡಿಯೇಟರ್. ಆಮೇಲೆ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡುವುದು. ಕಮಾನು ಪಟ್ಟಿಗಳಲ್ಲಿ ಒಂದಾದರೂ ತುಂಡಾಗಿದೆಯೇ ಎಂದು ಬಗ್ಗಿ ನೋಡುವುದು. ವಾರಕ್ಕೊಮ್ಮೆ ಗ್ರೀಸ್ ಗನ್ ಹಿಡಿದು ಕೆಳಗೆ ಮಲಗಿ, ತಿರುಗುವ ಕೀಲುಗಳಿಗೆಲ್ಲ ಹಳೇ ಗ್ರೀಸ್ ಹೊರಬರುವವರೆಗೆ ಹೊಸದನ್ನು ತುಂಬುವುದು.

ಕ್ಲೀನರ್ ಹುಡುಗ ಒಂದು ಕಬ್ಬಿಣದ ರಾಡು ಹಿಡಿದು ಟೈರುಗಳನ್ನು ಒಂದೊಂದಾಗಿ ಬಡಿಯುತ್ತಾ ಬರುತ್ತಿದ್ದ. ಗಾಳಿ ತುಂಬಿದ ಟೈರು ಪುಟಿದು ಗಟ್ಟಿ ಸದ್ದು ಕೊಡುತ್ತದೆ; ಗಾಳಿ ಇಳಿದದ್ದು 'ದಬ್' ಎನ್ನುತ್ತದೆ. ಹಿಂದೆ ಜೋಡಿ ಟೈರುಗಳಿರುವುದರಿಂದ ಒಳಗಿನದ್ದು ಇಳಿದಿದ್ದರೆ ಕಣ್ಣಿಗೆ ಕಾಣದು, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಅಂದಹಾಗೆ, ಹೆಚ್ಚುವರಿ ಚಕ್ರಕ್ಕೆ ನಾವು ಸ್ಟೆಪ್ನಿ ಎನ್ನುವುದು ಏಕೆ ಗೊತ್ತೇ? ಬ್ರಿಟನ್ನಿನ ವೇಲ್ಸ್ ನಾಡಿನ ಒಂದು ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. 1904ರ ಸುಮಾರಿಗೆ ಅಲ್ಲಿನ ಅಣ್ಣತಮ್ಮಂದಿರಿಬ್ಬರು ಇಂಥ ಚಕ್ರ ಮಾಡಿ ಮಾರತೊಡಗಿದರು. ಆ ಬೀದಿಯ ಹೆಸರು ನಮ್ಮ ಪಂಕ್ಚರ್ ಅಂಗಡಿಯವರೆಗೂ ಬಂದು ಉಳಿದುಕೊಂಡಿದೆ.

ಎಲ್ಲಕ್ಕಿಂತ ಮುಖ್ಯ ಬ್ರೇಕು. ಈಗಿನ ದೊಡ್ಡ ಲಾರಿಗಳಲ್ಲಿ ಗಾಳಿಯ ಬ್ರೇಕು. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಅಮೆರಿಕನ್ 1869ರಲ್ಲಿ ರೈಲಿಗಾಗಿ ಕಂಡುಹಿಡಿದದ್ದು ರಸ್ತೆಗೂ ಬಂತು. ಗಾಳಿ ಒತ್ತುವಾಗ ಅದರಲ್ಲಿನ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ ಕೆಳಗಿನ ಕವಾಟದಿಂದ ಹೊರಬಿಡಬೇಕು. ಬಿಡದಿದ್ದರೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ಒಳಗೆ ತುಕ್ಕೂ ಹಿಡಿಯುತ್ತದೆ. ಇನ್ನು ಘಟ್ಟ ಇಳಿಯುವಾಗ ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಅದಿರು ತುಂಬಿಕೊಂಡು ಮಂಗಳೂರು ಕಡೆಗೆ ಹೋಗುತ್ತಿದ್ದ ಚಾಲಕರು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದರು.

ಟ್ರೇಲರ್, ಜೆಸಿಬಿ, ಹಿಟಾಚಿ

ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದ ಮೇಲೆ ಉದ್ದದ ಟ್ರೇಲರುಗಳೂ ಬಂದವು. ಕೆಲವು ರೆಕ್ಕೆಗಳು 40 ಮೀಟರಿಗೂ ಉದ್ದ. ಎಳೆಯುವ ಲಾರಿಯ ಬೆನ್ನ ಮೇಲೆ ದುಂಡನೆಯ ದಪ್ಪ ತಟ್ಟೆಯಿರುತ್ತದೆ. ಟ್ರೇಲರಿನ ಕೆಳಗಿನ ಗೂಟ ಅದರೊಳಗೆ ಕೂತು ಲಾಕ್ ಆಗುತ್ತದೆ. ಆ ತಟ್ಟೆ ಒಣಗಿದ್ದರೆ ತಿರುವಿನಲ್ಲಿ ಲಾರಿ ಸರಿಯಾಗಿ ತಿರುಗದು. ಅದಕ್ಕೇ ಅಲ್ಲಿ ಬೆಣ್ಣೆಯಂತೆ ಗ್ರೀಸ್ ಬಳಿದಿರುತ್ತಾರೆ. ಲಾರಿಯಿಂದ ಟ್ರೇಲರಿಗೆ ಹೋಗುವ ಗಾಳಿಯ ಪೈಪು ಕಿತ್ತುಹೋದರೆ ಟ್ರೇಲರಿನ ಬ್ರೇಕು ತಾನಾಗಿ ಹಿಡಿದುಕೊಳ್ಳುವಂತೆ ಮಾಡಿರುತ್ತಾರೆ.

ಜೆಸಿಬಿ ಎಂಬುದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತನ ಹೆಸರಿನ ಮೊದಲಕ್ಷರಗಳು. ಹಿಟಾಚಿ ಜಪಾನಿನ ಕಂಪನಿ. ನಮ್ಮಲ್ಲಿ ಚೈನಿನ ಮೇಲೆ ಓಡಾಡಿ ಅಗೆಯುವ ಯಂತ್ರಕ್ಕೆಲ್ಲ ಅದೇ ಹೆಸರು. ಇವುಗಳ ತೋಳಿಗೆ ಬಲ ಬರುವುದು ಎಣ್ಣೆಯ ಒತ್ತಡದಿಂದ. ವಿಜ್ಞಾನದ ಪುಸ್ತಕದಲ್ಲಿ ಪ್ಯಾಸ್ಕಲನ ನಿಯಮ ಓದಿದ್ದೀರಲ್ಲ, ಅದು ಇಲ್ಲಿ ಮಣ್ಣು ಅಗೆಯುತ್ತದೆ. ಆ ಎಣ್ಣೆಗೆ ಕಸ ಬೀಳಬಾರದು. ಪೈಪು ಸೋರುತ್ತಿದ್ದರೆ ಬರಿಗೈಯಲ್ಲಿ ಸವರಿ ನೋಡಲೇಬಾರದು, ಸೂಜಿಯಂಥ ಧಾರೆ ಚರ್ಮ ಸೀಳಿ ಒಳಹೋಗುತ್ತದೆ. ಮೇಸ್ತ್ರಿಗಳು ರಟ್ಟಿನ ತುಂಡು ಹಿಡಿದು ನೋಡುತ್ತಾರೆ. ಟಿಪ್ಪರಿನ ತೊಟ್ಟಿ ಮೇಲೆತ್ತಿದ್ದಾಗ ಗಟ್ಟಿ ಆಸರೆ ಕೊಡದೆ ಅದರ ಕೆಳಗೆ ತಲೆ ಹಾಕುವುದಿಲ್ಲ.

ಮೇಸ್ತ್ರಿ ಒಲ್ಲೆ ಎಂದ ದಿನ

ಆರೈಕೆ ಮಾಡಿದರೆ ಲಾರಿ ಎಷ್ಟು ವರ್ಷವಾದರೂ ಓಡುತ್ತದೆಯೇ? ಇಲ್ಲ. ಅದನ್ನೂ ನಾನು ಗ್ಯಾರೇಜಿನಲ್ಲೇ ಕಂಡೆ.

ನಮ್ಮ ಶಾಖೆಯಲ್ಲಿ ಸಾಲ ಪಡೆದು ಪೂರ್ತಿ ತೀರಿಸಿದ ಒಬ್ಬ ಲಾರಿ ಮಾಲೀಕರಿದ್ದರು. ತಾವೇ ಚಾಲಕರು. ಮೂರು ಮಕ್ಕಳ ಓದು, ಮನೆಯ ಅಕ್ಕಿಬೇಳೆ ಎಲ್ಲವೂ ಆ ಒಂದು ಲಾರಿಯಿಂದ. 8 ವರ್ಷ ದಾಟಿದ ಲಾರಿಗೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು, ಅಂದರೆ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು ಪಡೆಯಬೇಕು. ಅದಕ್ಕಾಗಿ ಲಾರಿಯನ್ನು ಗ್ಯಾರೇಜಿಗೆ ಬಿಟ್ಟಿದ್ದರು. ನಾನು ಬೇರೊಂದು ಲಾರಿಯ ನಂಬರು ತೆಗೆಯಲು ಹೋಗಿದ್ದೆ. ಮೇಸ್ತ್ರಿ ಕೆಳಗಿನಿಂದ ತೆವಳಿ ಬಂದು, ಹಿಂದಿನ ಕಮಾನು ಪಟ್ಟಿಯ ಹತ್ತಿರ ಷಾಸಿ ಬಿರುಕು ಬಿಟ್ಟಿದೆ ಎಂದರು. ಆ ಜಾಗಕ್ಕೆ ಆಗಲೇ ಎರಡು ಬಾರಿ ವೆಲ್ಡಿಂಗ್ ಆಗಿತ್ತು. ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು.

"ಇನ್ನೊಂದು ಪಟ್ಟಿ ಇಟ್ಟು ಬೆಸುಗೆ ಹಾಕಿ ಬಣ್ಣ ಹೊಡೀರಿ ಮೇಸ್ತ್ರಿ. ಒಂದು ವರ್ಷ ಓಡಿಸ್ಕಂತೀನಿ."

"ನಾನು ಕೈ ಹಾಕಲ್ಲಣ್ಣ."

"ದುಡ್ಡು ಎಷ್ಟಾದ್ರೂ ಆಗ್ಲಿ."

"ದುಡ್ಡಿನ ಮಾತಲ್ಲಣ್ಣ. ಬಣ್ಣ ಹೊಡುದ್ರೆ ಕಾಣಾಕಿಲ್ಲ, ಎಫ್‌ಸಿನೂ ಆಗ್ತದೆ. ಲೋಡು ಹಾಕ್ಕೊಂಡು ಇಳಿಜಾರಲ್ಲಿ ಮುರುದ್ರೆ? ಮುಂದೆ ಇಸ್ಕೂಲು ಹುಡುಗ್ರು ಹೋಗ್ತಿದ್ರೆ?"

ಮಾಲೀಕರು ಬಹಳ ಹೊತ್ತು ಟೈರಿನ ಮೇಲೆ ಕುಳಿತಿದ್ದರು. ಬೇರೆ ಗ್ಯಾರೇಜಿಗೆ ಹೋಗಿದ್ದರೆ ಆ ಬೆಸುಗೆ ಆಗಿಬಿಡುತ್ತಿತ್ತು. ಅವರು ಹೋಗಲಿಲ್ಲ. ಆರ್‌ಸಿ ಪುಸ್ತಕವನ್ನು ಆರ್‌ಟಿಒ ಕಚೇರಿಗೆ ಒಪ್ಪಿಸಿ ಲಾರಿಯನ್ನು ಬಿಚ್ಚಿಸಿದರು. ಅದರ ಇಂಜಿನ್ ಚೆನ್ನಾಗಿತ್ತು, ಇನ್ನೊಬ್ಬರ ಲಾರಿಗೆ ಹೋಯಿತು. ಗೇರ್‌ಬಾಕ್ಸು, ರೇಡಿಯೇಟರು, ಚಕ್ರಗಳು ಒಂದೊಂದು ಕಡೆ ಹೋದವು. ಬಿರುಕು ಬಿಟ್ಟ ಷಾಸಿ ಮಾತ್ರ ಗುಜರಿಯ ತಕ್ಕಡಿ ಏರಿತು. ಅವರು ನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿದರು. ಹಿರಿಮಗ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದ. ಆಮೇಲೆ ಅವರು ಇನ್ನೊಂದು ಸಾಲಕ್ಕೆ ನಮ್ಮ ಕೌಂಟರಿಗೆ ಬಂದರು. ಆ ಅರ್ಜಿಗೆ ಹಳೇ ಖಾತೆಯ ವಿವರ ಬರೆಯುವಾಗ ನನಗೆ ಬಹಳ ಸಂತೋಷವಾಗಿತ್ತು.

ಈಗಿನ ಕಾಲ

2020ರ ಏಪ್ರಿಲ್‌ನಿಂದ ಬರುವ ಲಾರಿಗಳು ಬಿಎಸ್-6 ನಿಯಮದವು. ಹೊಗೆ ಬಹಳ ಕಡಿಮೆ. ನಿಮ್ಮ ಶ್ವಾಸಕೋಶಕ್ಕೆ ಒಳ್ಳೆಯದು. ರೋಗ ಹುಡುಕಲು ಲ್ಯಾಪ್‌ಟಾಪ್ ಜೋಡಿಸಬೇಕು. ಸ್ಕ್ರೂಡ್ರೈವರ್ ಕಿವಿಗೆ ಹಿಡಿಯುವ ಮೇಸ್ತ್ರಿಗಳು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ. ಹಿಂದೆ ಸಣ್ಣ ಹುಡುಗರು ಶಾಲೆ ಬಿಟ್ಟು ಗ್ಯಾರೇಜು ಸೇರಿ ಕಲಿಯುತ್ತಿದ್ದರು. ಅದು ಒಳ್ಳೆಯ ದಾರಿಯಲ್ಲ. ಈಗ ಕಾನೂನೂ ಒಪ್ಪುವುದಿಲ್ಲ. ಈ ವಿದ್ಯೆಯ ಮೇಲೆ ಆಸೆಯಿದ್ದವರು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಬಹುದು. ಹೆಣ್ಣುಮಕ್ಕಳೂ ಸೇರಬಹುದು.

ಆದರೆ ಲ್ಯಾಪ್‌ಟಾಪ್ ಬಂದರೂ ಟೈರಿಗೆ ಗಾಳಿ, ಕೀಲಿಗೆ ಗ್ರೀಸ್, ಫಿಲ್ಟರಿನ ಧೂಳು ಹಾಗೆಯೇ ಇವೆ. ನಿಮ್ಮ ಮನೆಯಲ್ಲಿ ಲಾರಿ ಇಲ್ಲದಿರಬಹುದು, ಸೈಕಲ್ ಇರುತ್ತದೆ. ಈ ಭಾನುವಾರ ಅಜ್ಜನನ್ನು ಜೊತೆಗೆ ಕೂರಿಸಿಕೊಂಡು ಒಂದು ಸುತ್ತು ನೋಡಿ. ಎರಡೂ ಬ್ರೇಕಿನ ರಬ್ಬರು ಸವೆದಿದೆಯೇ, ಚೈನು ಒಣಗಿದೆಯೇ, ಟೈರು ಬಡಿದರೆ ಯಾವ ಸದ್ದು ಬರುತ್ತದೆ? ನೋಡಿದ್ದನ್ನು ತಾರೀಖು ಹಾಕಿ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಯುಧಪೂಜೆಗೆ ಸೈಕಲ್ಲಿಗೆ ಹೂವು ಮುಡಿಸುವಾಗ ಆ ಪುಸ್ತಕವನ್ನೂ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ.