ಧರಣಿಗೆ ಬಲ ಎಲ್ಲಿಂದ?

ಬಳ್ಳಾರಿಯ ಜಿಲ್ಲಾಧಿಕಾರಿ ಕಚೇರಿ ಎದುರು ಶಾಮಿಯಾನ ಕಾಣದ ವಾರ ಅಪರೂಪ. ಒಂದು ದಿನ ಬಿಸಿಯೂಟದವರು, ಇನ್ನೊಂದು ದಿನ ಆಶಾ ಕಾರ್ಯಕರ್ತೆಯರು, ಮತ್ತೊಂದು ದಿನ ಕಾಲುವೆ ನೀರು ಕೇಳುವ ರೈತರು. ಸಿರುಗುಪ್ಪ, ಕುರುಗೋಡಿನಲ್ಲಿ ಇದೇ ನೋಟ ತಹಶೀಲ್ದಾರ್ ಕಚೇರಿ ಮುಂದೆ. ಘೋಷಣೆ, ಭಾಷಣ, ಮನವಿ ಪತ್ರ, ಕೊನೆಗೆ ‘ಮೇಲಿನವರ ಗಮನಕ್ಕೆ ತರುತ್ತೇವೆ’ ಎಂಬ ಅಧಿಕಾರಿಯ ಭರವಸೆ. ಸಂಜೆಯಾಗುತ್ತಲೇ ಜಮಖಾನೆ ಸುತ್ತಿಡುತ್ತಾರೆ. ಇವುಗಳಲ್ಲಿ ಕೆಲವು ಗೆಲ್ಲುತ್ತವೆ, ಬಹಳಷ್ಟು ಸೋಲುತ್ತವೆ. ಕೂತವರ ಸಂಕಟವೂ, ಪ್ರಾಮಾಣಿಕತೆಯೂ ಹೆಚ್ಚು ಕಡಿಮೆ ಒಂದೇ. ಹಾಗಿದ್ದರೆ ವ್ಯತ್ಯಾಸ ಯಾವುದರದು?

ಈ ಪ್ರಶ್ನೆಯ ಸುತ್ತ ಒಂದು ವಿದ್ಯಾಶಾಖೆಯೇ ಬೆಳೆದಿದೆ. ಅದರ ಮೊದಲಿಗರಲ್ಲಿ ಭಾರತೀಯರೊಬ್ಬರಿದ್ದರು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದಿದ್ದ ಕೃಷ್ಣಲಾಲ್ ಶ್ರೀಧರಾಣಿ ಅಮೆರಿಕದಲ್ಲಿ ಓದುತ್ತ 1939ರಲ್ಲಿ ಸತ್ಯಾಗ್ರಹದ ವಿಧಾನವನ್ನು ವಿಶ್ಲೇಷಿಸುವ ಗ್ರಂಥ ಪ್ರಕಟಿಸಿದರು. 1973ರಲ್ಲಿ ಜೀನ್ ಶಾರ್ಪ್ ಅಹಿಂಸಾತ್ಮಕ ಹೋರಾಟದ 198 ವಿಧಾನಗಳ ಪಟ್ಟಿ ಕೊಟ್ಟರು. ಹರತಾಳ, ಉಪವಾಸ, ಅಣಕು ಶವಯಾತ್ರೆ ಎಲ್ಲವೂ ಅದರಲ್ಲಿವೆ. ಅವನ್ನು ಅವರು ಮೂರು ಗುಂಪು ಮಾಡಿದರು: ಪ್ರತಿಭಟಿಸಿ ಮನವೊಲಿಸುವುದು, ಸಹಕಾರ ನಿಲ್ಲಿಸುವುದು, ನೇರವಾಗಿ ಅಡ್ಡ ನಿಲ್ಲುವುದು. ಆಳುವವರ ಶಕ್ತಿ ನಿಂತಿರುವುದೇ ಜನರ ಸಹಕಾರದ ಮೇಲೆ, ಅದನ್ನು ಹಿಂದಕ್ಕೆ ಪಡೆದರೆ ಗದ್ದುಗೆ ಅಲುಗುತ್ತದೆ ಎಂಬುದು ಅವರ ಮೂಲ ವಾದ.

2011ರಲ್ಲಿ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಇದಕ್ಕೆ ಅಂಕಿಸಂಖ್ಯೆಯ ಆಧಾರ ಒದಗಿಸಿದರು. 1900ರಿಂದ 2006ರವರೆಗಿನ 323 ಹೋರಾಟಗಳನ್ನು ತೂಗಿ ನೋಡಿದರೆ, ಶಸ್ತ್ರ ಹಿಡಿದವು ಗೆದ್ದದ್ದು ಶೇ 26, ಹಿಡಿಯದವು ಗೆದ್ದದ್ದು ಶೇ 53. ಜನಸಂಖ್ಯೆಯ ಶೇ 3.5ರಷ್ಟು ಮಂದಿ ಸಕ್ರಿಯವಾಗಿ ಇಳಿದ ಹೋರಾಟ ಸೋಲುವುದು ತೀರಾ ವಿರಳ ಎಂಬ ಮಾತೂ ಆಮೇಲೆ ಪ್ರಸಿದ್ಧವಾಯಿತು. 2011ರ ಜನಗಣತಿಯಲ್ಲಿ 4 ಲಕ್ಷ ದಾಟಿದ್ದ ಬಳ್ಳಾರಿ ನಗರಕ್ಕೆ ಅದನ್ನು ಅನ್ವಯಿಸಿದರೆ ಸುಮಾರು 14 ಸಾವಿರ ಜನ. ಯಾವುದಾದರೂ ಪಕ್ಷದ ಸಮಾವೇಶಕ್ಕೆ ಅಷ್ಟು ಜನ ಸೇರುತ್ತಾರೆ!

ಎಡವಟ್ಟಾಗುವುದು ಇಲ್ಲೇ. ಆ 323 ಹೋರಾಟಗಳು ಸರ್ಕಾರವನ್ನು ಉರುಳಿಸಲು, ಪರಕೀಯ ಆಡಳಿತವನ್ನು ಓಡಿಸಲು, ಪ್ರತ್ಯೇಕ ದೇಶ ಕಟ್ಟಲು ನಡೆದವು. ನಮ್ಮ ಶಾಮಿಯಾನಗಳ ಬೇಡಿಕೆ ಅಷ್ಟು ದೊಡ್ಡದಲ್ಲ. ಎರಡನೇ ಬೆಳೆಗೆ ನೀರು, ಕಳೆದುಕೊಂಡ ಹೊಲಕ್ಕೆ ನ್ಯಾಯವಾದ ಬೆಲೆ, ಬಾಕಿ ಸಂಬಳ ಇಷ್ಟೇ. ಆ ಪಟ್ಟಿಯಲ್ಲಿ ಇವಕ್ಕೆ ಜಾಗವೇ ಇಲ್ಲ.

ಬೇಡವಾದವರ ಅಸಹಕಾರ

ಕುಡತಿನಿಯನ್ನೇ ನೋಡಿ. ಉಕ್ಕಿನ ಕಾರ್ಖಾನೆಗಳಿಗೆಂದು ಕುಡತಿನಿ ಸುತ್ತಲಿನ ಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 12 ಸಾವಿರಕ್ಕೂ ಹೆಚ್ಚು ಎಕರೆ ಸ್ವಾಧೀನಪಡಿಸಿಕೊಂಡಿತು. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಆರ್ಸೆಲರ್ ಮಿತ್ತಲ್ 30 ಸಾವಿರ ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತ್ತು. ಉಕ್ಕಿನ ಕುಲುಮೆ ಉರಿಯಲೇ ಇಲ್ಲ. ಹೊಲವೂ ಹೋಯಿತು, ಕೆಲಸವೂ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಭೂಸಂತ್ರಸ್ತರು ಧರಣಿ ಕೂತರು. ವಿಧಾನಸಭೆ, ಲೋಕಸಭೆ, ಸಂಡೂರು ಉಪಚುನಾವಣೆ ಮೂರೂ ಬಂದು ಹೋದವು. ಧರಣಿ ಮುಂದುವರಿಯಿತು.

ಶಾರ್ಪ್ ಸೂತ್ರ ಇಲ್ಲಿ ಕೈಕೊಡುತ್ತದೆ. ಸಹಕಾರ ನಿಲ್ಲಿಸಬೇಕಾದರೆ ಎದುರಿನವನಿಗೆ ನಮ್ಮ ಸಹಕಾರ ಬೇಕಾಗಿರಬೇಕಲ್ಲ? 1951ರ ಕಾಗೋಡು ಸತ್ಯಾಗ್ರಹದಲ್ಲಿ ಅದಿತ್ತು. ಅಳತೆಯ ಕೊಳಗದಲ್ಲಿ ಆಗುತ್ತಿದ್ದ ಮೋಸದ ವಿರುದ್ಧ ಎದ್ದ ಗೇಣಿದಾರರು, ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ತಂಡ ತಂಡವಾಗಿ ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದರು. ಉಳುವವರಿಲ್ಲದೆ ಒಡೆಯರ ಗದ್ದೆ ನಡೆಯುವಂತಿರಲಿಲ್ಲ. ಕುಡತಿನಿಯಲ್ಲಿ ಭೂಮಿ ಆಗಲೇ ಕೈಬದಲಾಗಿದೆ, ಕಾರ್ಖಾನೆಯೇ ಇಲ್ಲದ ಮೇಲೆ ಮುಷ್ಕರ ಹೂಡುವುದೆಲ್ಲಿ? ಕೂತವರು ಎದ್ದು ಹೋದರೂ, ಕೂತೇ ಇದ್ದರೂ ಯಾರ ಲೆಕ್ಕಪುಸ್ತಕದಲ್ಲೂ ನಷ್ಟ ಕಾಣದು.

ಸಿರುಗುಪ್ಪದ ಕಾಲುವೆ ಕೊನೆಭಾಗದ ರೈತನ ಕಷ್ಟ ಬೇರೆ ರೀತಿಯದು. ಅವನಲ್ಲಿ ಭತ್ತವಿದೆ. ಆದರೆ ಮಾರದೆ ಇಟ್ಟುಕೊಂಡು ಕೂರಲು ಸಾಲ ಬಿಡುವುದಿಲ್ಲ. ಮೇಲ್ಭಾಗದವನಿಗೆ ನೀರು ಸಿಕ್ಕಿರುವುದರಿಂದ ಅವನು ಜೊತೆಗೆ ಬರುವುದೂ ಕಷ್ಟ. ನೀರು ಬಿಡುವ ತೀರ್ಮಾನ ನೀರಾವರಿ ಸಲಹಾ ಸಮಿತಿಯದು, ತುಂಗಭದ್ರಾ ಮಂಡಳಿಯದು. ತಹಶೀಲ್ದಾರರು ಮನವಿ ಪತ್ರ ಪಡೆಯಬಲ್ಲರೇ ಹೊರತು ತೂಬು ಎತ್ತಲಾರರು. ಕಾಲವೂ ಅವನ ಪರವಿಲ್ಲ. ತೆನೆ ಕಟ್ಟುವ ಹೊತ್ತಿಗೆ ನೀರು ಬಾರದಿದ್ದರೆ, ಆಮೇಲೆ ಧರಣಿ ಗೆದ್ದರೂ ಬೆಳೆ ಸೋತಿರುತ್ತದೆ. ರೈತರು ಹೆದ್ದಾರಿಗೆ ಇಳಿಯುವುದು ಇದೇ ಕಾರಣಕ್ಕೆ. ರಸ್ತೆ ತಡೆಯಿಂದ ಮಾತ್ರ ಅವರ ತುರ್ತು ಇನ್ನೊಬ್ಬರ ತುರ್ತಾಗುತ್ತದೆ.

ಸಾಲ ತಂದ ಬಲ

ಸ್ವಂತ ಬಲ ಸಾಲದಾದಾಗ ಬೇರೆಡೆಯಿಂದ ತರಬೇಕಾಗುತ್ತದೆ. ಬಳ್ಳಾರಿಯ ಗಣಿ ಲೂಟಿಯ ವಿರುದ್ಧದ ಹೋರಾಟ ಇದಕ್ಕೆ ಒಳ್ಳೆಯ ಪಾಠ. 2010ರ ಜುಲೈ 25ರಂದು ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಮುಖಂಡರು ಬೆಂಗಳೂರಿನಿಂದ ಹೊರಟು ಸುಮಾರು 320 ಕಿ.ಮೀ. ನಡೆದು ಆಗಸ್ಟ್ 9ರಂದು ಬಳ್ಳಾರಿಯಲ್ಲಿ ಸಭೆ ನಡೆಸಿದರು. ‘ಬಳ್ಳಾರಿಗೆ ಬನ್ನಿ ನೋಡೋಣ’ ಎಂದು ಗಣಿಧಣಿಗಳು ಎಸೆದ ಸವಾಲೇ ಆ ನಡಿಗೆಗೆ ಕಾರಣವಾಗಿತ್ತು. ಎದುರಾಳಿಯ ದಮನ ಅವನಿಗೇ ತಿರುಗಿ ಬಡಿಯುವ ಪಟ್ಟನ್ನು ಶಾರ್ಪ್ ರಾಜಕೀಯ ಜಿಜುತ್ಸು ಎಂದರು, ಇಲ್ಲಿ ತಿರುಗಿ ಬಡಿದದ್ದು ಸೊಕ್ಕು. ಆದರೆ ಗಣಿಗಳು ನಿಂತದ್ದು ನಡಿಗೆಯಿಂದಲೇ ಅಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ 29ರಂದು ಜಿಲ್ಲೆಯ ಗಣಿಗಾರಿಕೆಗೆ ಕೋರ್ಟ್ ತಡೆ ಹಾಕಿತು. ಬೀದಿ, ಕಡತ, ಕೋರ್ಟು ಮೂರೂ ಒಂದೇ ದಿಕ್ಕಿಗೆ ಎಳೆದಾಗ ಮಾತ್ರ ಬಂಡಿ ಮುಂದೆ ಸಾಗಿತು.

ಹಿರೇಮಠರ ಬಳಗಕ್ಕೆ ಇನ್ನೊಂದು ಹಾದಿಯೂ ಗೊತ್ತಿತ್ತು: ಆಗಬೇಕಾದ್ದನ್ನು ತಾವೇ ಮಾಡಿ ತೋರಿಸುವುದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ಹಳ್ಳಿಗೆ ಬೇಕಾದ ಗಿಡ ನೆಟ್ಟರು. 30 ವರ್ಷದ ನಂತರ, 2017ರ ಮೇನಲ್ಲಿ, ದರೂರು ಪುರುಷೋತ್ತಮಗೌಡರ ತುಂಗಭದ್ರಾ ರೈತ ಸಂಘದವರು ಜಲಾಶಯದೊಳಗೇ ಇಳಿದು ‘ಹೂಳಿನ ಜಾತ್ರೆ’ ನಡೆಸಿದರು. 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟೆ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಆ ಹೂಳನ್ನು ಟ್ರ್ಯಾಕ್ಟರಿನಲ್ಲಿ ಖಾಲಿ ಮಾಡಲಾಗದು ಎಂದು ಅವರಿಗೂ ಗೊತ್ತಿತ್ತು. ಆದರೂ ‘ಏನೂ ಮಾಡಲಾಗದು’ ಎನ್ನುವ ಸರ್ಕಾರದ ಮಾತಿಗೆ ಮನವಿ ಪತ್ರಕ್ಕಿಂತ ಒಂದು ಬುಟ್ಟಿ ಹೂಳು ಗಟ್ಟಿ ಉತ್ತರ.

ಅಹಿಂಸೆಗೂ ಬೆಲೆ ತೆರಬೇಕಾಗುತ್ತದೆ ಎಂಬುದು ಬಳ್ಳಾರಿಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿನಲ್ಲಿ, ವಿಲೀನೋತ್ಸವದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಆ್ಯಸಿಡ್ ಬಲ್ಬ್ ದಾಳಿಗೆ ಬಲಿಯಾದರು. ಅವರ ಹೆಸರು ಉಳಿಯಿತು. ಉಳಿದ ಸಾವಿರಾರು ಧರಣಿಗಳ ಕರಪತ್ರ, ಮನವಿ, ಅಧಿಕಾರಿಗಳ ಲಿಖಿತ ಭರವಸೆ ಎಲ್ಲವೂ ರದ್ದಿಗೆ ಹೋಗುತ್ತಿವೆ. ನಗರದಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಯಾವ ಧರಣಿ ಯಾರನ್ನು ಮುಟ್ಟಿತು, ಯಾವ ಭರವಸೆ ಎಷ್ಟು ದಿನ ಉಳಿಯಿತು ಎಂದು ತಾಲ್ಲೂಕುವಾರು ದಾಖಲಿಸಿದರೆ ಅಮೆರಿಕದ ಪಟ್ಟಿಯಲ್ಲಿಲ್ಲದ ಜ್ಞಾನ ಇಲ್ಲೇ ಹುಟ್ಟುತ್ತದೆ.

ಅಲ್ಲಿಯವರೆಗೆ ಹೋರಾಟಗಾರರು ಶಾಮಿಯಾನ ಹಾಕುವ ಮುನ್ನ ಎಷ್ಟು ಜನ ಬರುತ್ತಾರೆ ಎಂಬುದರ ಜೊತೆಗೆ ಇನ್ನೆರಡು ಲೆಕ್ಕ ಹಾಕಬೇಕು: ನಾವು ಇಲ್ಲಿ ಕೂತರೆ ಯಾರ ಕೆಲಸ ನಿಲ್ಲುತ್ತದೆ? ಯಾರದ್ದೂ ನಿಲ್ಲದಿದ್ದರೆ, ಯಾರ ಕೆಲಸ ನಿಲ್ಲಿಸಬಲ್ಲವರು ನಮ್ಮ ಜೊತೆ ಕೂರುತ್ತಾರೆ?