ಒಂದು ಅಪೂರ್ವಾಕ್ಷರದ ವಿಚಾರ

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಸಚಿತ್ರವಾದ ಒಂದು ಹಸ್ತಪ್ರತಿಯುಂಟು. ವಿಲ್‌ಫ್ರಿಡ್ ವಾಯ್ನಿಚ್ ಎಂಬ ಪುಸ್ತಕವ್ಯಾಪಾರಿ 1912ರಲ್ಲಿ ಇದನ್ನು ಇಟಲಿಯಲ್ಲಿ ಕೊಂಡುದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಚರ್ಮದ ಹಾಳೆಗಳು 1404ಕ್ಕೂ 1438ಕ್ಕೂ ನಡುವಣವೆಂದು 2009ರ ಇಂಗಾಲ ಪರೀಕ್ಷೆಯಿಂದ ತಿಳಿದಿದೆ. ಬರಹವನ್ನು ಮಾತ್ರ ಸರ್ವಸಮ್ಮತವಾಗಿ ಓದಿದವರು ಇಂದಿಗೂ ಇಲ್ಲ.

ಇದರ ಬಹುಭಾಗ ಸುಮಾರು 20–25 ಅಕ್ಷರಗಳಿಂದಲೇ ಆದುದು. ಅವುಗಳ ನಡುವೆ ಅಲ್ಲಲ್ಲಿ ಅಪೂರ್ವವಾದ ಆಕೃತಿಗಳು ಕಾಣುತ್ತವೆ. ಕೆಲವು ಒಂದೇ ಒಂದು ಸಾರಿ. ಅಂಥ ಆಕೃತಿ ಸ್ವತಂತ್ರವಾದ ಅಕ್ಷರವೆ, ಎರಡು ಅಕ್ಷರಗಳ ಕೂಡುಬರಹವೆ, ಲಿಪಿಕಾರನ ಕೈತಪ್ಪೆ, ಬರಿಯ ಅಲಂಕಾರವೆ?

ಹಳಗನ್ನಡ ಶಾಸನದಲ್ಲಿ ೞಕಾರವನ್ನು ಕಂಡಾಗ ನಮಗೆ ಈ ತೊಡಕಿಲ್ಲ. ‘ಪೞೆಯ’ ಎಂಬುದು ‘ಹಳೆಯ’ ಎಂದಾಯಿತೆಂದು ಭಾಷೆಯೇ ಸಾಕ್ಷಿ ನುಡಿಯುತ್ತದೆ. ವಾಯ್ನಿಚ್ ಪ್ರತಿಯಲ್ಲಿ ಆ ಸಾಕ್ಷಿಯಿಲ್ಲ. ಆಕೃತಿಯು ಬರುವ ಸ್ಥಾನವೇ ನಮಗೆ ಆಧಾರ. ಇದರಲ್ಲಿ ನೀಳವಾಗಿ ಮೇಲೆದ್ದ ನಾಲ್ಕು ಅಕ್ಷರಗಳಿವೆ. ಅವುಗಳಲ್ಲಿ ವಿರಳವಾದ ಎರಡು ಹೆಚ್ಚಾಗಿ ವಾಕ್ಯವೃಂದದ ಮೊದಲ ಸಾಲಿನಲ್ಲಿಯೇ ಬರುತ್ತವೆ. ನುಡಿಯ ಧ್ವನಿಗಳು ಸಾಲನ್ನು ನೋಡಿ ಬರುವುವಲ್ಲ. ಆದುದರಿಂದ ಅವು ಉಳಿದೆರಡರ ಅಲಂಕೃತ ರೂಪಗಳಿರಬಹುದೆಂಬ ಊಹೆಗೆ ಎಡೆಯುಂಟು.

ಆಕೃತಿಯನ್ನು ಅಕ್ಷರವೆಂದರೆ ವರ್ಣಮಾಲೆ ಬೆಳೆಯುತ್ತದೆ, ರೂಪಭೇದವೆಂದರೆ ಕುಗ್ಗುತ್ತದೆ. ಮುಂದಿನ ಗಣನೆಯೆಲ್ಲ ಈ ನಿರ್ಣಯಕ್ಕೆ ಅಧೀನ. ಇಲ್ಲಿ ಎಡವಿದವನು ಎಷ್ಟು ಸೂಕ್ಷ್ಮವಾಗಿ ಓದಿದರೂ ಇಲ್ಲದ ಗ್ರಂಥವನ್ನೇ ಓದಿದಂತಾಗುತ್ತದೆ. ಒಂದೇ ಸಾರಿ ಬರುವ ಆಕೃತಿಗಂತೂ ಹೋಲಿಸಿ ನೋಡಲು ಎರಡನೆಯ ಸ್ಥಾನವೇ ಇಲ್ಲ. ಅದಕ್ಕೆ ಧ್ವನಿಯನ್ನು ಆರೋಪಿಸದೆ, ಕಂಡಂತೆ ಬರೆದಿಡುವುದೇ ಪಂಡಿತನಿಗೆ ಧರ್ಮ.